ಮನೆ ಮಂದಿ ಗುಂಪಿನಲ್ಲಿ ಕಬ್ಬಿಣದ ಮಾತ್ರೆ

ಚಿಕ್ಕಪ್ಪ: (ಫಾರ್ವರ್ಡ್) ‘ಎಚ್ಚರ! ಐರನ್ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಲಿವರ್ ಕೆಡುತ್ತಿರುವ ಲಕ್ಷಣ ಇದು. ದಿನಕ್ಕೆ ನಾಲ್ಕು ಖರ್ಜೂರ ಸಾಕು. ಹತ್ತು ಜನರಿಗೆ ಕಳಿಸಿ.’

ದೊಡ್ಡಮ್ಮ: ಅಯ್ಯೋ, ನಮ್ಮ ಹುಡುಗಿಗೂ ಇದನ್ನೇ ಕೊಟ್ಟಿದ್ದಾರಲ್ಲ. ಐದು ತಿಂಗಳ ಬಸುರಿ. ಏನೇ, ನೋಡಿದೆಯಾ?

ಅಕ್ಕ: ನೋಡಿದೆ ದೊಡ್ಡಮ್ಮ. ನನಗೂ ಹಾಗೇ ಆಗ್ತಿತ್ತು. ಹೆದರಿ ನಾಲ್ಕು ದಿನದಿಂದ ಬಿಟ್ಟಿದ್ದೇನೆ. ಹೊಟ್ಟೆ ಬೇರೆ ಕಟ್ಟಿಕೊಳ್ಳುತ್ತದೆ. ಬಾಯೆಲ್ಲ ತುಕ್ಕು ನೆಕ್ಕಿದ ಹಾಗೆ.

ಅತ್ತಿಗೆ: ಬಿಟ್ಟೇಬಿಟ್ಟೆಯಾ? ನಿನ್ನ ಹಿಮೋಗ್ಲೋಬಿನ್ 9.6! ಬಸುರಿಯರಿಗೆ 11 ಆದರೂ ಇರಬೇಕು. ಮಾವ, ಇದನ್ನು ಬರೆದವರು ಯಾರು?

ಚಿಕ್ಕಪ್ಪ: ಯಾರೋ ಡಾಕ್ಟರೇ ಇರಬೇಕಮ್ಮ. ವಾಕಿಂಗ್ ಗುಂಪಿನಲ್ಲಿ ಬಂತು.

ಅತ್ತಿಗೆ: ಹದಿಮೂರು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ, ನನ್ನ ಮಾತೂ ಸ್ವಲ್ಪ ಕೇಳಿ. ಕರುಳು ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುತ್ತದೆ, ಅದಕ್ಕೇ ಕಪ್ಪು. ಲಿವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಡಾಂಬರಿನ ಹಾಗೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ, ಇಲ್ಲ ರಕ್ತ ಕಂಡರೆ, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಿಕ್ಕಪ್ಪ: ಹಾಗಾದ್ರೆ ಖರ್ಜೂರದಲ್ಲಿ ಕಬ್ಬಿಣ ಇಲ್ವಾ?

ಅತ್ತಿಗೆ: ಇದೆ. ನಾಲ್ಕು ತಿಂದರೆ ಒಂದೆರಡು ಮಿಲಿಗ್ರಾಂ ಸಿಕ್ಕರೆ ಜಾಸ್ತಿ. ಆ ಕೆಂಪು ಮಾತ್ರೆ ಒಂದರಲ್ಲೇ 60.

ದೊಡ್ಡಮ್ಮ: ನಮ್ಮ ಕಾಲದಲ್ಲಿ ಯಾವ ಮಾತ್ರೆ ಇತ್ತು? ನಾವು ಹೆರಲಿಲ್ಲವಾ?

ಅತ್ತಿಗೆ: ಹೆತ್ತಿರಿ ದೊಡ್ಡತ್ತೆ. ಎರಡನೇ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡ ಕಥೆಯನ್ನೂ ನೀವೇ ಹೇಳಿದ್ದು.

ದೊಡ್ಡಮ್ಮ: ಹ್ಞೂಂ. ಅದೂ ನಿಜವೇ.

ಅತ್ತಿಗೆ: ಸರಿ, ನೀನು ಹೇಳು. ಯಾವಾಗ ತಗೊಳ್ತಿದ್ದೆ? ಯಾವುದರ ಜೊತೆ?

ಅಕ್ಕ: ಬೆಳಗ್ಗೆ ಎದ್ದ ಕೂಡಲೇ, ಕಾಫಿ ಜೊತೆ. ಮರೆತುಹೋಗುತ್ತದೆ ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಿದ್ದೆ.

ನಾನು: ನಾನೇ ನೋಡಿದ್ದೇನೆ. ಎರಡೂ ಶೀಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕಾಫಿಪುಡಿ ಡಬ್ಬಿ ಮೇಲೆ ಇಟ್ಟಿದ್ದಾಳೆ.

ಅತ್ತಿಗೆ: ಮುಗೀತು ಕಥೆ! ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಯಾವುದೂ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತಗೋ, ಇಲ್ಲ ಸೀಬೆಹಣ್ಣು ತಿನ್ನು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಊಟ ಆದ ಮೇಲೆ ತಗೋ. ಸ್ವಲ್ಪ ಕಡಿಮೆ ಹತ್ತುತ್ತದೆ, ಆದರೆ ಬಿಡುವುದಕ್ಕಿಂತ ವಾಸಿ. ಮಲಬದ್ಧತೆಗೆ ನೀರು ಜಾಸ್ತಿ ಕುಡಿ, ಸೊಪ್ಪು ತಿನ್ನು, ರಾತ್ರಿ ನೆನೆಸಿದ ಒಣದ್ರಾಕ್ಷಿ ತಿನ್ನು. ಆಗಲೂ ತಡೆಯದಿದ್ದರೆ ಡಾಕ್ಟರಿಗೆ ಹೇಳು, ಬೇರೆ ಮಾತ್ರೆ ಬರೆದುಕೊಡುತ್ತಾರೆ. ಸುಮ್ನೆ ನೀನೇ ನಿಲ್ಲಿಸಬೇಡ.

ಅಣ್ಣ: ದಿನ ಬಿಟ್ಟು ದಿನ ತಗೊಂಡರೆ ಇನ್ನೂ ಚೆನ್ನಾಗಿ ಹತ್ತುತ್ತದೆ ಅಂತ ಓದಿದ್ದೆ, ಅಲ್ವಾ?

ಅತ್ತಿಗೆ: ರೀ, ಅದು ಸುಳ್ಳಲ್ಲ. ಒಂದು ಮಾತ್ರೆ ತಗೊಂಡರೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರುತ್ತದೆ, ಸುಮಾರು ಒಂದು ದಿನ ಕರುಳು ಕಬ್ಬಿಣ ಹೀರುವುದು ಕಡಿಮೆ. ಆದರೆ 2017ರ ಆ ಅಧ್ಯಯನ ನಡೆದಿದ್ದು ಬಸುರಿಯರಲ್ಲದ ಹೆಂಗಸರ ಮೇಲೆ. ಇವಳಿಗೆ ದಿನಕ್ಕೆ ಎರಡು ಅಂತ ಬರೆದಿದ್ದಾರೆ. ಬದಲಾಯಿಸುವುದಾದರೆ ಅವರೇ ಬದಲಾಯಿಸಲಿ. ನೀವು ಮೊದಲು ಬರುವಾಗ ನಿಂಬೆಹಣ್ಣು ತನ್ನಿ.

ಅಕ್ಕ: ಈಗ ತಗೊಂಡೆ. ಸೀಬೆಹಣ್ಣಿನ ಜೊತೆ. ರಬ್ಬರ್ ಬ್ಯಾಂಡ್ ಬಿಚ್ಚಿದ್ದೇನೆ.

ಚಿಕ್ಕಪ್ಪ: ನಿನಗೆ ಅಂತ ಅರ್ಧ ಕೇಜಿ ಖರ್ಜೂರ ತಂದಿಟ್ಟಿದ್ದೆ. ಬೇಡ್ವಾ ಹಾಗಾದ್ರೆ?

ಅಕ್ಕ: ಕಳಿಸಿ ಚಿಕ್ಕಪ್ಪ. ಖರ್ಜೂರದ ಮೇಲೆ ನನಗೇನೂ ಕೋಪ ಇಲ್ಲ.