ಶರಾವತಿ ಹಿನ್ನೀರಿನ ಸುತ್ತ ನಾಲ್ಕು ದಿನ ನಡೆಯಬಹುದಾ? ಗೈಡ್ ಬೇಕು

ಹೊಸಬೂಟು:
ಎಲ್ಲರಿಗೂ ನಮಸ್ಕಾರ. ನಾನು, ತಂಗಿ, ಅಪ್ಪ, ಮೂರೇ ಜನ. ಅಪ್ಪನಿಗೆ 63. ದಿನಾ ಬೆಳಿಗ್ಗೆ ಆರೇಳು ಕಿಲೋಮೀಟರ್ ನಡೆಯುವವರು, ಅವರ ಕಾಲಿನ ಚಿಂತೆ ಇಲ್ಲ, ನನ್ನ ಕಾಲಿನದ್ದೇ ಚಿಂತೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಒಂದು ಪೂರ್ತಿ ಸುತ್ತು ಬರಬೇಕು ಅಂತ ಆಸೆ. ನೀರಿನ ಅಂಚಿನಲ್ಲೇ ನಡೆಯುವುದು, ರಾತ್ರಿ ಅಲ್ಲೇ ಟೆಂಟ್ ಹಾಕುವುದು, ಹೀಗೆ ನಾಲ್ಕು ಹಗಲು ಮೂರು ರಾತ್ರಿ. ಜನವರಿ ಕೊನೆಗೆ ರಜೆ ಇದೆ.

ಗೈಡ್ ಮಾತ್ರ ಬೇಕೇ ಬೇಕು, ಅದೂ ಊರಿನವರೇ ಆಗಬೇಕು. ಹೋದ ವರ್ಷ ಬೇರೆ ಕಡೆ ಒಂದು ಚಾರಣದ ಕಂಪನಿಗೆ ದುಡ್ಡು ಕಟ್ಟಿ ಪೆಟ್ಟು ತಿಂದಿದ್ದೇವೆ. ಗೈಡ್ ಅಂತ ಬಂದ ಹುಡುಗ ನಮ್ಮ ಹಾಗೇ ಆ ಕಾಡಿಗೆ ಮೊದಲ ಸಲ ಬಂದವನು. ನೆಟ್‌ವರ್ಕ್ ಹೋದ ಕೂಡಲೇ ಅವನೇ ನಮ್ಮನ್ನು "ಈಗ ಯಾವ ಕಡೆ?" ಅಂತ ಕೇಳಿದ! ಗೊತ್ತಿರುವವರು ಹೇಳಿ.

ಹೊಳೆಬಾಗಿಲು:
ಸಾಗರದ ಕಡೆಯವನು, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸುತ್ತು ಬರಲು ಆಗುವುದಿಲ್ಲ. ಅದು ಕೆರೆ ಅಲ್ಲ, ಏರಿ ಮೇಲೆ ನಡೆದು ಬರಲು. ಮುಳುಗಿದ ಕಣಿವೆ ಅದು. 1964ರಲ್ಲಿ ಅಣೆಕಟ್ಟು ಮುಗಿದಾಗ ನೀರು ಸಿಕ್ಕ ಸಿಕ್ಕ ಹಳ್ಳದ ಬಾಯಿಗೆಲ್ಲ ನುಗ್ಗಿ ಕೂತಿದೆ. ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್. ಗುಡ್ಡಗಳೆಲ್ಲ ಕೈಬೆರಳಿನ ಹಾಗೆ ನೀರಿನೊಳಗೆ ಚಾಚಿಕೊಂಡಿವೆ. ಈ ಬೆರಳಿನ ತುದಿಯಲ್ಲಿ ನಿಂತು ಕೂಗಿದರೆ ಆ ಬೆರಳಿನ ತುದಿಗೆ ಕೇಳುತ್ತದೆ, ಆದರೆ ನಡೆದು ಹೋಗಲು ಅರ್ಧ ದಿನ. ಅದಕ್ಕೇ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಅಷ್ಟು ವರ್ಷ ಲಾಂಚ್ ಕಾಯುತ್ತಾ ಕೂತಿದ್ದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಆ ಕಷ್ಟ ತಪ್ಪಿತು.

ಇನ್ನೊಂದು ವಿಷಯ. ನೀವು ಹೇಳುವ "ಅಂಚು" ಒಂದೇ ಕಡೆ ನಿಲ್ಲುವುದಿಲ್ಲ. ಪೂರ್ತಿ ಮಟ್ಟ 1819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಕಾಡಿನ ಬುಡಕ್ಕೇ ಬಂದು ನಿಂತಿರುತ್ತದೆ. ಆಮೇಲೆ ಕರೆಂಟಿಗೆ ಬಿಡುತ್ತಾ ಬಿಡುತ್ತಾ ಇಳಿಯುತ್ತದೆ. ಬೇಸಿಗೆಗೆ ಬಂದರೆ ಕಾಡಿಗೂ ನೀರಿಗೂ ನಡುವೆ ಬರೀ ಬೋಳು ಮಣ್ಣು, ಒಣಗಿ ನಿಂತ ಹಳೇ ಮರದ ಬೊಡ್ಡೆಗಳು. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣು ಕಾಲಿಟ್ಟರೆ ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ, ಹುಷಾರು.

ನಾನಾದರೆ ಹೀಗೆ ಮಾಡುತ್ತಿದ್ದೆ: ಎರಡು ಕಡೆ ಬಿಡಾರ, ದಿನಾ ಒಂದು ಬೆರಳು. ಮೊದಲು ತಾಳಗುಪ್ಪದ ಹತ್ತಿರದ ಹೊನ್ನೆಮರಡು, ಆಮೇಲೆ ಸಾಗರಕ್ಕೆ ಬಂದು ಸೇತುವೆ ದಾಟಿ ತುಮರಿ. ಟೆಂಟ್ ಆಸೆ ಬಿಡಿ. ಸುತ್ತಲಿನ ಕಾಡಿನಲ್ಲಿ ಬಹುಪಾಲು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ.

ಉಣುಗಿಗೆಹೆದರುವವಳು:
ಜನವರಿ ಅಂದಿರಲ್ಲ, ಅದನ್ನು ಯಾರೂ ಹಿಡಿಯಲಿಲ್ವಲ್ಲ! ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಗೊತ್ತಾಗಿದ್ದು. 2019ರಲ್ಲಿ ಅರಳಗೋಡಿನಲ್ಲಿ ಜನ ಸತ್ತರು, ಅದು ಇದೇ ಶರಾವತಿ ಕಣಿವೆ. ಹರಡುವುದು ಉಣುಗಿನಿಂದ, ಅದೇ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಆ ತಿಂಗಳುಗಳಲ್ಲಿ ಅದರ ಮರಿಗಳು ಎಳ್ಳುಕಾಳಿಗಿಂತ ಚಿಕ್ಕದಾಗಿ ತರಗೆಲೆಯಲ್ಲಿ ಕೂತಿರುತ್ತವೆ, ಹತ್ತಿದ್ದು ಗೊತ್ತೇ ಆಗುವುದಿಲ್ಲ. ನಾವು ಸೊಪ್ಪು, ತರಗು ತರಲು ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗುವುದು.

ಅಪ್ಪನನ್ನು ಕರೆದುಕೊಂಡು ಆ ಕಾಲದಲ್ಲಿ ತರಗೆಲೆ ತುಳಿಯಬೇಡಿ. ಬಂದೇ ಬರುತ್ತೇವೆ ಅಂದರೆ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ನೆಲದ ಮೇಲೆ ಹಾಗೇ ಕೂರಬೇಡಿ, ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಹೋದ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ. ಬೆಂಗಳೂರಿನಲ್ಲಿ ಅದನ್ನು ಅವರಾಗೇ ಕೇಳುತ್ತಾರೆ ಅಂತ ನಂಬಿಕೊಳ್ಳಬೇಡಿ.

ಹೊಸಬೂಟು:
ಅಯ್ಯೋ, ಇದು ಯಾವುದೂ ಗೊತ್ತಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ, ಅವರು ಹೆದರಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಮ್ಮ ಹೆದರಿದರು. ನವೆಂಬರಿಗೆ ಹಾಕಿಕೊಂಡರೆ? ಆಗ ಇಂಬಳ ಇರುತ್ತದೆ ಅಲ್ವಾ?

ಮುಳುಗಡೆಮೊಮ್ಮಗ:
ನವೆಂಬರ್ ಒಳ್ಳೆಯದು. ನೀರೂ ಇರುತ್ತದೆ, ಮಳೆಯೂ ಬಿಟ್ಟಿರುತ್ತದೆ. ಇಂಬಳ ಕಾನಿನ ಒಳಗೆ, ಹಳ್ಳದ ಬದಿಯಲ್ಲಿ ಸ್ವಲ್ಪ ಇರಬಹುದು. ಇಂಬಳಕ್ಕೆ ಯಾರೂ ಸತ್ತಿಲ್ಲ ಬಿಡಿ, ಉಪ್ಪಿನ ಗಂಟು ಇಟ್ಟುಕೊಳ್ಳಿ, ನಶ್ಯವೂ ಆಗುತ್ತದೆ.

ಗೈಡ್ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಯ ತವರು ಈ ನೀರಿನ ಕೆಳಗಿದೆ. ಮುಳುಗಡೆಯಲ್ಲಿ ಎತ್ತಿಕೊಂಡು ಬಂದಿದ್ದು ಬಾಗಿಲ ಚೌಕಟ್ಟು, ಎರಡು ಹಂಡೆ ಮತ್ತು ಒಂದು ಹಸು. ಈಗ ನಾವು ಶಿವಮೊಗ್ಗದ ಹತ್ತಿರ ಇದ್ದೇವೆ. ಕೆಲವು ವರ್ಷದ ಹಿಂದೆ ನಾನೂ ಸುಮ್ನೆ ನೋಡಿಬರೋಣ ಅಂತ ಹೋಗಿದ್ದೆ. ಜೊತೆಗೆ ಬಂದವರು ತುಮರಿ ಕಡೆಯ ಒಬ್ಬ ಹಿರಿಯರು. ಗೈಡೂ ಅಲ್ಲ, ಏನೂ ಅಲ್ಲ, ದನ ಹುಡುಕಿ ಹುಡುಕಿ ಗುಡ್ಡವೆಲ್ಲ ಗೊತ್ತು ಅಷ್ಟೇ. ಒಂದು ಬೆರಳಿನ ತುದಿಗೆ ಕರೆದುಕೊಂಡು ಹೋಗಿ ನೀರಿನ ಕಡೆ ಕೈ ತೋರಿಸಿ, "ಅಲ್ಲಿ ಮಾವಿನ ಮರ, ಅದರ ಬಲಕ್ಕೆ ನಿಮ್ಮ ಅಜ್ಜಿ ಮನೆ ದಾರಿ" ಅಂದರು. ನನಗೆ ಕಂಡಿದ್ದು ಬರೀ ನೀರು. ಅವರಿಗೆ ಮಾತ್ರ ದಾರಿ ಕಾಣುತ್ತಿತ್ತು. ಮಧ್ಯಾಹ್ನ ಅವರ ಮನೆಯಲ್ಲೇ ಊಟ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಅದನ್ನು ಬರೆಯಲು ಕೂತರೆ ಇನ್ನೊಂದು ಪುಟ ಆಗುತ್ತದೆ.

ಹಾಗಾಗಿ ಉಳಿಯುವ ಮನೆಯವರನ್ನೇ ಕೇಳಿ, ಅಂಥವರು ಸಿಗುತ್ತಾರೆ. ಫೋನಿನಲ್ಲಿ ಒಂದೇ ಪ್ರಶ್ನೆ ಹಾಕಿ: "ಈಗ ನೀರು ಎಲ್ಲಿಯವರೆಗೆ ಇದೆ?" ನಿಜವಾಗಿ ಓಡಾಡುವವರು "ಆ ಬೊಡ್ಡೆ ಮುಳುಗಿದೆ, ಈ ದಿಬ್ಬ ಕಾಣುತ್ತಿದೆ" ಅಂತ ಶುರು ಮಾಡುತ್ತಾರೆ. "ಎಲ್ಲಾ ಚೆನ್ನಾಗಿದೆ ಸಾರ್, ಬನ್ನಿ" ಅಂದರೆ ಫೋನ್ ಇಡಿ.

ಕಲ್ಲುಸೈಫನ್:
ಎಲ್ಲರೂ ನೀರು ತುಂಬಿದಾಗಲೇ ಬನ್ನಿ ಅನ್ನುತ್ತೀರಿ. ನನ್ನ ವೋಟು ನೀರು ಇಳಿದಾಗಿನದಕ್ಕೆ. ಮಳೆ ಕಮ್ಮಿಯಾದ ವರ್ಷ ಏಪ್ರಿಲ್, ಮೇ ಹೊತ್ತಿಗೆ ಹಳೇ ಮಡೆನೂರು ಅಣೆಕಟ್ಟು ಮೇಲೆ ಬರುತ್ತದೆ. ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ ಕಟ್ಟಿದ್ದು. ಒಂದು ಅಣೆಕಟ್ಟು ಇನ್ನೊಂದರ ನೀರಲ್ಲಿ ಮುಳುಗಿರುವುದು ಎಲ್ಲಿ ಸಿಗುತ್ತದೆ ಹೇಳಿ?

ಉಣುಗಿಗೆಹೆದರುವವಳು:
@ಕಲ್ಲುಸೈಫನ್ ಮೇ ಬಿಸಿಲಲ್ಲಿ, ನೆರಳಿಲ್ಲದ ಕೆಸರಿನಲ್ಲಿ, 63 ವರ್ಷದವರನ್ನಾ? ನೀವೊಬ್ಬರೇ ಹೋಗಿ ಬನ್ನಿ.

ಹೊಸಬೂಟು:
ಸರಿ, ತೀರ್ಮಾನ ಆಯಿತು. ನವೆಂಬರ್ ಎರಡನೇ ವಾರ, ರಾತ್ರಿ ರೈಲಿಗೆ ತಾಳಗುಪ್ಪ. ಎರಡು ದಿನ ಹೊನ್ನೆಮರಡು ಕಡೆ, ಎರಡು ದಿನ ತುಮರಿ. ಸುತ್ತು ಇಲ್ಲ, ಟೆಂಟ್ ಇಲ್ಲ. ಅಪ್ಪ ನಿನ್ನೆಯೇ ಒಂದು ಮನೆಗೆ ಫೋನ್ ಮಾಡಿ ಆ ಪ್ರಶ್ನೆ ಕೇಳಿದರು. ಆ ಕಡೆಯವರು ಇಪ್ಪತ್ತು ನಿಮಿಷ ಬರೀ ನೀರಿನ ಬಗ್ಗೆಯೇ ಮಾತಾಡಿದರಂತೆ, ರೂಮಿನ ಬಾಡಿಗೆ ಎಷ್ಟು ಅಂತ ಕೇಳಲು ಇವರಿಗೆ ಮರೆತೇ ಹೋಗಿದೆ.

ಹೊಳೆಬಾಗಿಲು:
ಅದೇ ಮನೆ ಗಟ್ಟಿ ಮಾಡಿ. ಮತ್ತೆ ನಿಮ್ಮ ಹೊಸ ಬೂಟನ್ನು ಇವತ್ತಿನಿಂದಲೇ ಹಾಕಿಕೊಂಡು ಓಡಾಡಿ.