ಮನೆಗೊಂದು ಕಾರ್ಡ್‌ಲೆಸ್ ಡ್ರಿಲ್: 12 ವೋಲ್ಟ್ ಸಾಕೋ, 18 ಬೇಕೋ?

ತಿರುಪುಳಿ:
ಬೆಂಗಳೂರು, ಎರಡು ಬೆಡ್‌ರೂಮಿನ ಫ್ಲ್ಯಾಟು. ಆಗಬೇಕಾದ ಕೆಲಸ ಇಷ್ಟು: ಕಿಟಕಿಗಳಿಗೆ ಕರ್ಟನ್ ರಾಡ್, ಅಡುಗೆಮನೆ ಕಪಾಟಿನ ಸಡಿಲಾದ ಬಿಜಾಗರಿ, ಬಚ್ಚಲಿನ ಟೈಲ್ಸ್ ಮೇಲೆ ಟವೆಲ್ ರಾಡ್, ಎರಡು ಪ್ಲೈವುಡ್ ಶೆಲ್ಫ್. ಆಮೇಲೆ ಆಗಾಗ ಬರುವ ಚಿಲ್ಲರೆ ಕೆಲಸ. ವೈರ್ ಇಲ್ಲದ್ದೇ ಬೇಕು. ಅಂಗಡಿಯವರು 18 ವೋಲ್ಟಿನ ಹ್ಯಾಮರ್ (ತಿರುಗುತ್ತಲೇ ಗೋಡೆಗೆ ಕುಟ್ಟುವ ಸೌಲಭ್ಯ) ಇರೋದನ್ನೇ ತಗೊಳ್ಳಿ ಅಂತಾರೆ. ಆನ್‌ಲೈನಲ್ಲಿ ಅದಕ್ಕಿಂತ ತೀರಾ ಅಗ್ಗಕ್ಕೆ ‘48 ವೋಲ್ಟ್’ ಅಂತ ಬರೆದ ಪೆಟ್ಟಿಗೆ ಸಿಗುತ್ತೆ. 12 ವೋಲ್ಟಿನದು ಕೈಗೆ ಹಗುರ. ಯಾವುದು, ಯಾಕೆ?

ಬಡಗಿಮನೆ:
ನಿಮ್ಮ ಪಟ್ಟಿಯಲ್ಲಿ ಗೋಡೆ ಕೊರೆಯೋದು ಒಂದು ಸಲ ಮುಗಿದರೆ ಮುಗೀತು. ವರ್ಷವಿಡೀ ಕೈಗೆ ಬರೋದು ತಿರುಪು ಬಿಗಿಯೋದು, ಬಿಚ್ಚೋದು, ಮರಕ್ಕೆ ಸಣ್ಣ ತೂತು ಹಾಕೋದು. ಅದಕ್ಕೆ ಹ್ಯಾಮರ್ ಇಲ್ಲದ 12 ವೋಲ್ಟಿನ ಡ್ರಿಲ್ ಡ್ರೈವರೇ ಸರಿ. ಮಕೀಟ ಡಿಎಫ್ 333ಡಿ ಥರದ್ದು ಬ್ಯಾಟರಿ ಸೇರಿ ಒಂದು ಕೆಜಿಗೆ ಸ್ವಲ್ಪ ಮೇಲೆ, ಅಷ್ಟೆ. ಕಪಾಟಿನೊಳಗೆ ತಲೆ ತೂರಿಸಿ, ಒಂದು ಕೈಲಿ ಬಾಗಿಲು ಹಿಡಿದು ಇನ್ನೊಂದು ಕೈಲಿ ತಿರುಪು ಹಾಕುವಾಗ ಮಷಿನ್ನಿನ ಉದ್ದ, ತೂಕ ಎರಡೂ ಲೆಕ್ಕಕ್ಕೆ ಬರುತ್ತೆ.

ಡಬ್ಬದ ಮೇಲಿನ ಟಾರ್ಕ್ (ತಿರುಗಿಸುವ ಬಲ) ಓದುವಾಗ ಹುಷಾರು. ಅದೇ ಮಷಿನ್ನಿಗೆ 30 ನ್ಯೂಟನ್ ಮೀಟರ್ ಹಾರ್ಡ್, 14 ಸಾಫ್ಟ್ ಅಂತ ಎರಡು ಅಂಕಿ ಇರುತ್ತೆ. ಹಾರ್ಡ್ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಕೂತು ತಟ್ಟನೆ ನಿಂತಾಗಿನ ಬಲ. ಮರದಲ್ಲಿ ತಿರುಪು ನಿಧಾನಕ್ಕೆ ಬಿಗಿಯಾಗುವಾಗ ಕೆಲಸಕ್ಕೆ ಬರೋದು ಸಾಫ್ಟ್ ಅಂಕಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರೋದು ಯಾವಾಗಲೂ ಮೊದಲನೆಯದು. 18 ಎಂಎಂ ಪ್ಲೈವುಡ್ಡಿಗೆ 4×40 ತಿರುಪು ಹಾಕೋಕೆ 14 ಧಾರಾಳ. ಹೊನ್ನೆ, ತೇಗ, ಮತ್ತಿ ಆದರೆ ಮೊದಲು 2.5 ಅಥವಾ 3 ಎಂಎಂ ತೂತು ಹಾಕಲೇಬೇಕು. ಹಾಕದೇ ಹೋದರೆ 18 ವೋಲ್ಟಿನ ಮಷಿನ್ ತಿರುಪಿನ ಕತ್ತನ್ನೇ ಮುರಿಯುತ್ತೆ, ಇಲ್ಲಾ ಅಂಚಿನಲ್ಲಿ ಮರ ಸೀಳುತ್ತೆ.

ಹದಿನೆಂಟು:
ಬಡಗಿಗಳ ಕಣ್ಣಿಗೆ ಲೋಕವೆಲ್ಲಾ ಮರ 😄. ಅವರು ಇರೋದು ಫ್ಲ್ಯಾಟಲ್ಲಿ ಸರ್. ಪಟ್ಟಿಯಲ್ಲಿ ಮೊದಲನೇ ಕೆಲಸವೇ ಗೋಡೆ. 18 ವೋಲ್ಟಿನ, ಹ್ಯಾಮರ್ ಇರುವ ಕಾಂಬಿ ಡ್ರಿಲ್ ತಗೊಂಡರೆ ಒಂದೇ ಮಷಿನ್ನಲ್ಲಿ ಮರ, ಕಬ್ಬಿಣ, ಇಟ್ಟಿಗೆ ಮೂರೂ ಆಯ್ತು. ಚಕ್ (ಬಿಟ್ ಅನ್ನೋ ಕೊರೆಯುವ ಕಡ್ಡಿಯನ್ನು ಹಿಡಿಯುವ ಬಾಯಿ) 13 ಎಂಎಂ ಬರುತ್ತೆ. 12 ವೋಲ್ಟಿನವು ಸಾಮಾನ್ಯವಾಗಿ 10ಕ್ಕೆ ನಿಲ್ಲುತ್ತವೆ. ನಾಳೆ ಅದೇ ಬ್ಯಾಟರಿಗೆ ಗ್ರೈಂಡರ್, ಬ್ಲೋಯರ್, ಜಿಗ್‌ಸಾ ಹಾಕ್ಕೊಬಹುದು. ಹಗುರದ ಆಸೆಗೆ ಚಿಕ್ಕದು ಕೊಂಡು, ಆಮೇಲೆ ದೊಡ್ಡದೂ ಕೊಂಡರೆ ಉಳಿತಾಯ ಎಲ್ಲಿ?

ಲಿಂಟಲ್_ಲೆವೆಲ್:
ಇಬ್ಬರೂ ವೋಲ್ಟಿನಿಂದ ಶುರು ಮಾಡಿದ್ದೀರಿ. ಮೊದಲು ಗೋಡೆ ಯಾವುದು ಅಂತ ಕೇಳಿ.

ಇತ್ತೀಚಿನ ಎತ್ತರದ ಕಟ್ಟಡಗಳಲ್ಲಿ ಹಲವಕ್ಕೆ ಮೈವಾನ್ ಶಟರಿಂಗ್ (ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಯನ್ನೇ ಎರಕ ಹೊಯ್ಯೋದು). ಅಂದರೆ ಗೋಡೆಯೇ ಆರ್‌ಸಿಸಿ ಕಾಂಕ್ರೀಟ್, ಒಳಗೆ ಕಂಬಿ. ಅಲ್ಲಿ ಕಾರ್ಡ್‌ಲೆಸ್ ಕಾಂಬಿಯ ‘ಹ್ಯಾಮರ್’ ಅನ್ನೋ ಪದಕ್ಕೆ ಮರುಳಾಗಬೇಡಿ. ಅದರೊಳಗೆ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಜಾರಿ ಟಕಟಕ ಅನ್ನಿಸುತ್ತವೆ, ಅಷ್ಟೇ. ಬಾಷ್ ಜಿಎಸ್‌ಬಿ 120-ಎಲ್‌ಐ ನೋಡಿ: ನಿಮಿಷಕ್ಕೆ 1,500 ಸುತ್ತು, 22,500 ಏಟು. ಭಾಗಿಸಿದರೆ ಒಂದು ಸುತ್ತು ತಿರುಗುವಾಗ 15 ಏಟು. ಏಟಿನ ಬಲ ಬರೋದು ನೀವು ಹಿಂದಿನಿಂದ ಒತ್ತುವ ಒತ್ತಡದಿಂದ. ನಿಧಾನದ ಮೊದಲನೇ ಗೇರಿನಲ್ಲಿ ಹ್ಯಾಮರ್ ಹಾಕಿದರೆ ಸುತ್ತು 400ಕ್ಕೆ, ಏಟು 6,000ಕ್ಕೆ ಇಳಿಯುತ್ತೆ, ತೂತು ಮುಂದಕ್ಕೇ ಹೋಗಲ್ಲ. ‘ನನ್ನ ಹ್ಯಾಮರ್ ಡ್ರಿಲ್ ಕೊರೀತಿಲ್ಲ’ ಅನ್ನೋರು ಮೊದಲು ಗೇರ್ ಬಟನ್ ನೋಡಿಕೊಳ್ಳಿ.

ಎಸ್‌ಡಿಎಸ್ (ಬಿಟ್ ಸಿಕ್ಕಿಸುವ ವಿಶೇಷ ಹಿಡಿ ಇರುವ) ರೋಟರಿ ಹ್ಯಾಮರ್ ಬೇರೆಯೇ ಜಾತಿ. ಒಳಗಿನ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್ಟಿಗೆ ಗುದ್ದುತ್ತೆ. ವೈರಿನ ಬಾಷ್ ಜಿಬಿಎಚ್ 2-26 ಒಂದು ಏಟಿಗೆ 2.7 ಜೂಲ್. ಆರ್‌ಸಿಸಿಯಲ್ಲಿ 6 ಎಂಎಂ ತೂತು ಅದಕ್ಕೆ ಕೆಲವೇ ಸೆಕೆಂಡಿನ ಕೆಲಸ, ಭುಜಕ್ಕೆ ನೋವೂ ಇಲ್ಲ. ಅದನ್ನೇ 18 ವೋಲ್ಟಿನ ಕಾಂಬಿಯಲ್ಲೂ ಮಾಡಬಹುದು, ಇಲ್ಲ ಅನ್ನಲ್ಲ. ಒಳ್ಳೆ ಕಾರ್ಬೈಡ್ ಬಿಟ್ ಇರಬೇಕು, ನಡುನಡುವೆ ಹೊರಗೆಳೆದು ಪುಡಿ ತೆಗೀಬೇಕು, ಎರಡು ಮೂರು ತೂತಿಗೊಮ್ಮೆ ಮೋಟಾರು ಆರಲು ಬಿಡಬೇಕು.

ತಿರುಪುಳಿ:
ನಮ್ಮದು ಹಳೇ ಕಟ್ಟಡ, ಮೈವಾನ್ ಅಲ್ಲ. ಇಟ್ಟಿಗೆಯೋ ಬ್ಲಾಕೋ ಗೊತ್ತಿಲ್ಲ. ಹಾಗಿದ್ದರೆ 12ರಲ್ಲೇ ಹ್ಯಾಮರ್ ಇರೋದು ತಗೊಂಡರೆ ಎರಡೂ ಕಡೆಗೆ ಆಗಲ್ವಾ?

ಲಿಂಟಲ್_ಲೆವೆಲ್:
ಪರದೆ ಹಿಂದೆ ಮರೆಯಾಗುವ ಕಡೆ ಒಂದು ತೂತು ಹಾಕಿ, ಪುಡಿ ನೋಡಿ. ಮೊದಲ ಒಂದೆರಡು ಎಂಎಂ ಬಿಳಿ ಬಂದರೆ ಪುಟ್ಟಿ. ಆಮೇಲಿನ ಒಂದು ಸೆಂಟಿಮೀಟರಿನಷ್ಟು ಬೂದು ಮರಳು ಸಿಮೆಂಟಿನ ಗಿಲಾವು. ಅದರಾಚೆ ಕೆಂಪು ಬಂದರೆ ಇಟ್ಟಿಗೆ. ಬೂದು ಬಣ್ಣವೇ ಮುಂದುವರಿದು ಬಿಟ್ ಸರಾಗ ಇಳಿದರೆ ಸಿಮೆಂಟ್ ಬ್ಲಾಕ್, ಇಳಿಯದೆ ಕಿರುಗುಟ್ಟಿದರೆ ಕಾಂಕ್ರೀಟ್. ಹಿಟ್ಟಿನಂಥ ಪುಡಿ ಬಂದು ಬಿಟ್ ತಾನಾಗೇ ನುಗ್ಗಿದರೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಬ್ಲಾಕು). ಆಗ ತಕ್ಷಣ ಹ್ಯಾಮರ್ ನಿಲ್ಲಿಸಿ. ಅದರಲ್ಲಿ ಹ್ಯಾಮರ್ ಹೊಡೆದರೆ 6 ಎಂಎಂ ತೂತು 7 ಆಗಿ ರಾಲ್ ಪ್ಲಗ್ (ತಿರುಪು ಹಿಡಿಯುವ ಪ್ಲಾಸ್ಟಿಕ್ ಬೂಚು) ಒಳಗೇ ಗಿರಗಿರ ತಿರುಗುತ್ತೆ.

ಆದರೆ ಇಟ್ಟಿಗೆ ಮನೆಯಲ್ಲೂ ಕರ್ಟನ್ ರಾಡಿಗೆ ಒಂದು ತೊಡಕಿದೆ. ಕಿಟಕಿಯ ಮೇಲೆ ಲಿಂಟಲ್ ಅನ್ನೋ ತೊಲೆ ಇರುತ್ತೆ. ಅದು ಆರ್‌ಸಿಸಿ, ಸಾಮಾನ್ಯವಾಗಿ ಆರಂಗುಲ ಎತ್ತರ, ಕಿಟಕಿಯ ಎರಡೂ ಪಕ್ಕ ಆರೆಂಟು ಅಂಗುಲ ಗೋಡೆಯೊಳಗೆ ಚಾಚಿಕೊಂಡಿರುತ್ತೆ. ಎಲ್ಲರೂ ಬ್ರಾಕೆಟ್ ಇಡೋದು ಕಿಟಕಿಯಿಂದ ನಾಲ್ಕಂಗುಲ ಮೇಲೆ, ನಾಲ್ಕಂಗುಲ ಹೊರಗೆ. ಅಂದರೆ ಸರಿಯಾಗಿ ಲಿಂಟಲ್ ಮೇಲೇ! ಎಂಟಂಗುಲ ಮೇಲೆ ಹೋಗಿ, ಅಲ್ಲಿ ಬಹುಮಟ್ಟಿಗೆ ಇಟ್ಟಿಗೆ ಸಿಗುತ್ತೆ, ಪರದೆಯ ಉದ್ದ ಮಾತ್ರ ಅದಕ್ಕೆ ತಕ್ಕಂತೆ ತಗೊಳ್ಳಿ. ಕೆಲವು ಕಟ್ಟಡಗಳಲ್ಲಿ ಕಿಟಕಿ ನೇರ ಬೀಮಿಗೇ ತಾಗಿರುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ.

ಕೊರೆಯುವಾಗ ಬಿಟ್ ಇದ್ದಕ್ಕಿದ್ದಂತೆ ನಿಂತು ಹೊಳೆಯುವ ಪುಡಿ ಬಂದರೆ ಅದು ಕಂಬಿ. ಒತ್ತಬೇಡಿ. ಬಿಟ್ಟಿನ ತುದಿಯ ಕಾರ್ಬೈಡ್ ಹೋಗುತ್ತೆ, ಕಂಬಿಗೇನೂ ಆಗಲ್ಲ. ಒಂದಂಗುಲ ಪಕ್ಕಕ್ಕೆ ಸರಿಯಿರಿ.

ಹುಬ್ಬಳ್ಳಿ_ವೈಂಡಿಂಗ್:
ಆ 48 ವೋಲ್ಟಿನ ಲೆಕ್ಕ ಯಾರೂ ಬಿಡಿಸಿಲ್ಲ ನೋಡ್ರಿ, ನಾ ಹೇಳ್ತೀನಿ. ಲಿಥಿಯಂ ಸೆಲ್ ಒಂದಕ್ಕ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2ರ ತನಕಾ. ಮೂರು ಸೆಲ್ ಸಾಲಾಗಿ ಕೂಡಿಸಿದ್ರ 10.8, ಅದನ್ನ ‘12 ವೋಲ್ಟ್ ಮ್ಯಾಕ್ಸ್’ ಅಂತಾರ. ಐದು ಕೂಡಿಸಿದ್ರ 18. ಅದನ್ನ ಅಮೆರಿಕಾದಾಗ ‘20 ವೋಲ್ಟ್ ಮ್ಯಾಕ್ಸ್’, ಅಗ್ಗದ ಮಾಲಿನ್ಯಾಗ ‘21 ವೋಲ್ಟ್’ ಅಂತ ಮಾರ್ತಾರ. ಮೂರೂ ಒಂದರೀ. ಡಿವಾಲ್ಟ್‌ದ್ದು ಯುರೋಪಿನ್ಯಾಗ 18 ವೋಲ್ಟ್ ಎಕ್ಸ್‌ಆರ್, ಅಮೆರಿಕಾದಾಗ 20 ವೋಲ್ಟ್ ಮ್ಯಾಕ್ಸ್, ಬ್ಯಾಟರಿ ಅದಽ. 48 ವೋಲ್ಟ್ ಖರೇ ಬೇಕಂದ್ರ ಹದಿಮೂರು ಸೆಲ್ ಬೇಕು. ಅಂಗೈಯಷ್ಟು ಪ್ಯಾಕಿನ್ಯಾಗ ಹದಿಮೂರು ಸೆಲ್ ಎಲ್ಲಿ ಕೂಡಸ್ತಾರ? ಅದು ಬರೇ ಸ್ಟಿಕರ್.

ಅಂಥಾದ್ರಾಗ ಬ್ಯಾಟರಿನಽ ಮೊದ್ಲ ಸಾಯೂದು. ಗುಂಡು ಪಿನ್ನಿನ ಅಡಾಪ್ಟರ್ ಚಾರ್ಜರ್ ಕೊಟ್ಟಿರ್ತಾರ, ಭಾಳ ಕಡೆ ಒಳಗ ಸೆಲ್ ಬ್ಯಾಲೆನ್ಸ್ ಮಾಡೂ ಸರ್ಕೀಟಽ ಇರೂದಿಲ್ಲ. ಒಂದು ಸೆಲ್ ಹಿಂದ ಬಿತ್ತಂದ್ರ ಅದು ಜಾಸ್ತಿ ಇಳೀತದ, ಉಳಿದವು ಜಾಸ್ತಿ ಏರ್ತಾವ, ಪ್ಯಾಕ್ ಪೂರಾ ಹಾಳು. ಅದರ ಅಳತೀಗೆ ಬ್ಯಾಟರಿ ಮುಂದ ಸಿಗೂದಿಲ್ಲ.

ಇನ್ನ ಬ್ರಷ್‌ಲೆಸ್ (ಮೋಟಾರಿನ್ಯಾಗ ಕಾರ್ಬನ್ ಬ್ರಷ್ ಇಲ್ಲದ್ದು) ಬೇಕೇನು ಅಂತ ಕೇಳ್ತಾರ. ಮನಿ ಕೆಲಸಕ್ಕ ಬ್ರಷ್ ಇರೂದು ಸಾಕ್ರಿ. ದಿನಾ ದುಡಿಯೂ ಮಷಿನ್ನಿಗೆ ಬ್ರಷ್‌ಲೆಸ್ ಭಾಳ ಚಲೋ, ಕಡಿಮಿ ಬಿಸಿ ಆಗ್ತದ, ಬ್ಯಾಟರಿ ತಡೀತದ. ಆದ್ರ ವಾರಂಟಿ ಮುಗದಮ್ಯಾಲೆ ಅದರ ಬೋರ್ಡ್ ಸುಟ್ಟರ ಹೊಸಾ ಮಷಿನ್ ತಗೊಂಡಂಗ.

ಬಡಗಿಮನೆ:
@ಹದಿನೆಂಟು, ‘ಒಂದೇ ಬ್ಯಾಟರಿ ಎಲ್ಲಕ್ಕೂ’ ಅನ್ನೋ ಮಾತಿಗೆ ಅಡಿಟಿಪ್ಪಣಿ ಬೇಕು. ಮಕೀಟದ 18 ವೋಲ್ಟಿನಲ್ಲೇ ಜಿ ಸರಣಿಯ ಬ್ಯಾಟರಿ ಅದೇ ಕಂಪನಿಯ ಎಲ್‌ಎಕ್ಸ್‌ಟಿ ಸರಣಿಯ ಮಷಿನ್ನಿಗೆ ಕೂರಲ್ಲ. ಬಾಷ್‌ನ ಹಸಿರು 18, ನೀಲಿ 18 ಬೇರೆ ಬೇರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಿಟ್ ಎಷ್ಟೋ ಸಲ ಇಂಥ ಪಕ್ಕದ ಸಾಲಿನದಾಗಿರುತ್ತೆ. ಬ್ಯಾಟರಿ ಸಂಸಾರ ಕಟ್ಟುವ ಆಸೆ ಇದ್ದರೆ ಆ ಬ್ಯಾಟರಿಗೆ ಯಾವ ಯಾವ ಮಷಿನ್ ಸಿಗುತ್ತೆ ಅಂತ ಪಟ್ಟಿ ನೋಡಿ ದುಡ್ಡು ಕೊಡಿ.

ಮತ್ತೆ ಕ್ಲಚ್, ಅಂದರೆ ನೀವು ಇಟ್ಟಷ್ಟು ಬಿಗಿಯಾದ ಕೂಡಲೇ ತಿರುಪು ತಿರುಗಿಸೋದನ್ನು ಬಿಡುವ ಭಾಗ. ನಿಮ್ಮ ಬಿಜಾಗರಿ ಕೆಲಸಕ್ಕೆ ಇದೇ ಮುಖ್ಯ. ಕಾಲರ್ ಮೇಲಿನ 1, 2, 3 ನ್ಯೂಟನ್ ಮೀಟರ್ ಅಲ್ಲ, ಬರೀ ಮೆಟ್ಟಿಲು. ಪಾರ್ಟಿಕಲ್ ಬೋರ್ಡಿಗೆ 3.5×16 ತಿರುಪು ಹಾಕುವಾಗ 3ರಿಂದ ಶುರು ಮಾಡಿ, ತಲೆ ಮಟ್ಟಸ ಕೂರುವ ತನಕ ಒಂದೊಂದೇ ಏರಿಸಿ. ಡ್ರಿಲ್ ಚಿತ್ರಕ್ಕೆ ತಿರುಗಿಸಿಟ್ಟು ತಿರುಪು ಬಿಗಿದರೆ ಅರ್ಧ ಸುತ್ತು ಜಾಸ್ತಿಯಾದರೂ ಬೋರ್ಡಿನ ಎಳೆ ಕಿತ್ತು ತಿರುಪು ಸುಮ್ಮನೆ ತಿರುಗುತ್ತೆ. ನಿಮ್ಮ ಬಿಜಾಗರಿ ಸಡಿಲಾಗಿರೋದೂ ಹೀಗೇ ಇರಬಹುದು. ಆ ತೂತಿಗೆ ಮರದ ಗೋಂದು ಹಚ್ಚಿದ ಬಿದಿರು ಕಡ್ಡಿ ತುರುಕಿ, ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಮಟ್ಟಸ ಕತ್ತರಿಸಿ, 2 ಎಂಎಂ ತೂತು ಹಾಕಿ ಮತ್ತೆ ತಿರುಪು ಕೂರಿಸಿ.

ಹದಿನೆಂಟು:
ಬ್ಯಾಟರಿ ಮಾತು ಒಪ್ಪಿದೆ. ಹಾಗಾದರೆ ಇಂಪ್ಯಾಕ್ಟ್ ಡ್ರೈವರ್ (ತಿರುಗುವ ದಿಕ್ಕಿನಲ್ಲೇ ಗುದ್ದಿ ತಿರುಪು ಬಿಗಿಯುವ ಮಷಿನ್) ಯಾಕೆ ಬೇಡ? 12 ವೋಲ್ಟಿನ ಬಾಷ್ ಜಿಡಿಆರ್ 120-ಎಲ್‌ಐ ನೂರು ನ್ಯೂಟನ್ ಮೀಟರ್ ಕೊಡುತ್ತೆ, ಗಾತ್ರ ಇನ್ನೂ ಚಿಕ್ಕದು.

ಬಡಗಿಮನೆ:
ಅದಕ್ಕೆ ಕ್ಲಚ್ ಇಲ್ಲ, ಅದಕ್ಕೇ ಬೇಡ. ಉದ್ದ ತಿರುಪು, ಬೋಲ್ಟು, ತುಕ್ಕು ಹಿಡಿದ ನಟ್ಟಿಗೆ ಅದು ದೊರೆ. ಸಣ್ಣ ಹಿತ್ತಾಳೆ ತಿರುಪನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುರಿಯುತ್ತೆ. ಚಕ್ ಬದಲು ಕಾಲಂಗುಲದ ಆರುಮೂಲೆ ಹಿಡಿ, ಗುಂಡು ಕಾಂಡದ ಬಿಟ್ ಹಿಡಿಯಲ್ಲ. ಫ್ಲ್ಯಾಟಲ್ಲಿ ಅದರ ಸದ್ದಿಗೆ ಕೆಳಗಿನವರು ಮೇಲೆ ಬರ್ತಾರೆ.

ಕರಾವಳಿ_ಕೆಲಸ:
ನಮ್ಮ ಮಂಗಳೂರು, ಉಡುಪಿ ಕಡೆಯವರು ಇದನ್ನು ಓದ್ತಿದ್ರೆ ಒಂದು ಮಾತು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಹ್ಯಾಮರೇ ಬೇಡ ಮಾರಾಯ್ರೆ. ಕಲ್ಲಿನ ಒಳಗೆ ಪೊಳ್ಳು ಉಂಟು, ನಡುವೆ ಗಟ್ಟಿ ಹರಳು ಉಂಟು. ಹ್ಯಾಮರ್ ಹಾಕಿದ್ರೆ ಬಿಟ್ ಪೊಳ್ಳಿನ ಕಡೆ ಜಾರಿ ತೂತು ಮೊಟ್ಟೆ ಆಕಾರ ಆಗ್ತದೆ. ಬರೀ ಸುತ್ತಿನಲ್ಲಿ ಕೊರೆದು, ಊದಿ ಪುಡಿ ತೆಗೆದು, 8 ಎಂಎಂನ ಉದ್ದ ಪ್ಲಗ್ ಹಾಕಿ. ಅದೂ ಸಡಿಲ ಅನಿಸಿದ್ರೆ ತೂತಿಗೆ ಸಿಮೆಂಟು ಹಾಲು ತುಂಬಿ ಪ್ಲಗ್ ಒತ್ತಿ, ಮಾರನೇ ದಿನ ತಿರುಪು ಹಾಕಿ. ಇಷ್ಟಕ್ಕೆ 12 ವೋಲ್ಟೇ ಸಾಕು.

ಡಲ್ಲಾಸ್_ಕನ್ನಡಿಗ:
ಇಲ್ಲಿ ರಿಯಾಯಿತಿಯಲ್ಲಿ ಕಿಟ್ ಅಗ್ಗ. ಊರಿಗೆ ತಂದುಕೊಟ್ಟರೆ ಹೇಗೆ?

ಹುಬ್ಬಳ್ಳಿ_ವೈಂಡಿಂಗ್:
ಮಷಿನ್ ನಡೀತದ್ರಿ, ಚಾರ್ಜರ್ ನಡಿಯೂದಿಲ್ಲ. ಅಲ್ಲಿನ ಚಾರ್ಜರ್ ಹೆಚ್ಚಿನವು 120 ವೋಲ್ಟಿನವು, ಇಲ್ಲಿ 230ಕ್ಕ ಹಚ್ಚಿದ್ರ ಹೊಗಿ. ಪಿನ್ ಬದಲಿಸೂ ಅಡಾಪ್ಟರ್ ವೋಲ್ಟೇಜ್ ಇಳಸೂದಿಲ್ಲ. ಅದಽ ಕಂಪನಿ ಚಾರ್ಜರ್ ಇಲ್ಲೇ ತಗೋರಿ. ವಿಮಾನದಾಗ ಬಿಡಿ ಬ್ಯಾಟರಿ ಕೈಚೀಲದಾಗಽ ಇರಬೇಕು, 100 ವ್ಯಾಟ್-ಅವರ್ ಒಳಗ. 18 ವೋಲ್ಟ್, 2 ಆಂಪಿಯರ್-ಅವರ್ ಅಂದ್ರ 36, ಚಿಂತಿಲ್ಲ. ಡ್ರಿಲ್ ಮಾತ್ರ ದೊಡ್ಡ ಪೆಟ್ಟಿಗ್ಯಾಗ. ವಾರಂಟಿ ಇಲ್ಲಿ ಕೊಡ್ತಾರೇನು ಅಂತ ಮೊದ್ಲ ಕೇಳ್ರಿ.

ತಿರುಪುಳಿ:
ಸರಿ. ಹ್ಯಾಮರ್ ಇಲ್ಲದ 12, ಎರಡು ಬ್ಯಾಟರಿ. ಲಿಂಟಲ್ ತೂತುಗಳನ್ನು ಎಲೆಕ್ಟ್ರಿಷಿಯನ್ ಕೈಲಿ ಒಂದೇ ದಿನ ಎಸ್‌ಡಿಎಸ್‌ನಲ್ಲಿ ಹಾಕಿಸ್ತೀನಿ. ಉಳಿದದ್ದು ಬಚ್ಚಲಿನ ಟೈಲ್ಸ್.

ಲಿಂಟಲ್_ಲೆವೆಲ್:
ಟೈಲ್ಸಿಗೆ ಹ್ಯಾಮರ್ ಇಲ್ಲದಿರೋದೇ ಒಳ್ಳೇದು. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗೇರ್ ಒಂದು, ನಿಧಾನ. ಹಳೇ ಮೆರುಗಿನ ಸೆರಾಮಿಕ್ ಆದರೆ ಈಟಿ ತುದಿಯ ಕಾರ್ಬೈಡ್ ಬಿಟ್ ಸಾಕು. ವಿಟ್ರಿಫೈಡ್ ಆದರೆ 6 ಎಂಎಂ ಡೈಮಂಡ್ ಬಿಟ್, ಪಕ್ಕದಲ್ಲಿ ಯಾರಾದರೂ ಬಾಟಲಿಯಿಂದ ಹನಿ ಹನಿ ನೀರು ಬಿಡ್ತಿರಲಿ, ಮಷಿನ್ನಿಗೆ ತಾಗದ ಹಾಗೆ. ಟೈಲ್ ದಾಟಿದ ಮೇಲೆ ಮಾಮೂಲಿ ಗೋಡೆ ಬಿಟ್. ಟೈಲಿನ ಅಂಚಿಗೆ ತೀರಾ ಹತ್ತಿರ ಬೇಡ, ಒಡೆಯುತ್ತೆ. ನಲ್ಲಿಯ ನೇರಕ್ಕೆ ಮೇಲೆ, ಕೆಳಗೆ, ಅಡ್ಡಕ್ಕೆ ಕೊರೀಬೇಡಿ, ಪೈಪು ಆ ಸಾಲಲ್ಲೇ ಹೋಗಿರುತ್ತೆ. ತೂತು 45 ಎಂಎಂ ಆಳ; ಟೈಲು, ಗಿಲಾವು ಕಳೆದು ಪ್ಲಗ್ಗಿನ ಹೆಚ್ಚಿನ ಭಾಗ ಇಟ್ಟಿಗೆಯೊಳಗೆ ಇರಬೇಕು. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ.

ಬಡಗಿಮನೆ:
ಡಬ್ಬದ ಜತೆ ಬರುವ ನೂರು ಚೂರಿನ ಬಿಟ್ ಸೆಟ್ ನಂಬಬೇಡಿ. ಪ್ಲಸ್ ತಲೆಯ ತಿರುಪಿಗೆ ಬಿಗಿಯುವ ಬಿಟ್ ಎರಡು ಥರ: ಪಿಎಚ್2 ಎರಡು, ಪಿಝಡ್2 ಎರಡು ಒಳ್ಳೇವು ತಗೊಳ್ಳಿ. ತಿರುಪಿನ ತಲೆಯಲ್ಲಿ ಪ್ಲಸ್ ನಡುವೆ ಸಣ್ಣ ಗೀರು ಕಂಡರೆ ಅದು ಪಿಝಡ್. ಅದಕ್ಕೆ ಪಿಎಚ್ ಹಾಕಿದರೆ ಎಗರಿ ತಲೆ ಸವೆಯುತ್ತೆ. ಮರಕ್ಕೆ 2, 2.5, 3, 5 ಎಂಎಂ ಬಿಟ್.

ಹುಬ್ಬಳ್ಳಿ_ವೈಂಡಿಂಗ್:
ಕೆಲಸ ಮುಗದ ಮ್ಯಾಲೆ ಬ್ಯಾಟರಿ ಪೂರಾ ಇಳಿಸಿ ಅಟ್ಟದ ಮ್ಯಾಲೆ ಒಗೀಬ್ಯಾಡ್ರಿ. ಆರು ತಿಂಗಳು ಹಂಗಽ ಬಿಟ್ಟರ ಇನ್ನೂ ಇಳಿದು, ಚಾರ್ಜರ್ ಅದನ್ನ ಮುಟ್ಟೂದಿಲ್ಲ, ಕೆಂಪು ದೀಪ ತೋರಸ್ತದ. ಅರ್ಧ ಚಾರ್ಜ್ ಇಟ್ಟು, ಮಷಿನ್‌ನಿಂದ ತಗದು, ತಂಪಿನ್ಯಾಗ ಇಡ್ರಿ. ಎರಡು ಮೂರು ತಿಂಗಳಿಗೊಮ್ಮೆ ನೋಡ್ರಿ.

ಹದಿನೆಂಟು:
ಬಾಲ್ಕನಿಗೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಸೀಲಿಂಗಿಗೆ ಹಾಕ್ಬೇಕು ಅಂತ ಮನೇಲಿ ಹೇಳಿದ ದಿನ ಇದೇ ಪುಟಕ್ಕೆ ಬನ್ನಿ. ಸೀಲಿಂಗ್ ಪೂರ್ತಿ ಆರ್‌ಸಿಸಿ.

ಲಿಂಟಲ್_ಲೆವೆಲ್:
ಆ ದಿನವೂ ಎಸ್‌ಡಿಎಸ್ಸೇ, ನಿಮ್ಮ ಹದಿನೆಂಟಲ್ಲ. ಲಿಂಟಲ್ ತೂತು ಹಾಕಿಸುವಾಗಲೇ ಅದನ್ನೂ ಹಾಕಿಸಿಬಿಡಿ ತಿರುಪುಳಿ ಅವರೇ, ಹೇಗೂ ಮಷಿನ್ ಬಂದಿರುತ್ತೆ.