ಸಹಾಯ ಬೇಕು: ಶಾಲೆಗೆ ಹೋಗಲು ಹೆದರುವ ಮಗಳಿಗೆ ಕನ್ನಡ ಬಲ್ಲ ಥೆರಪಿಸ್ಟ್

ಎಲ್ಲರಿಗೂ ನಮಸ್ಕಾರ. ನಾವು ರಾಣೆಬೆನ್ನೂರಿನವರು. ಮಗಳು ಒಂಬತ್ತನೇ ಕ್ಲಾಸ್. ದೀಪಾವಳಿ ರಜೆ ಮುಗಿದಾಗಿನಿಂದ ಶಾಲೆಗೆ ಹೋಗೋಕೇ ಆಗುತ್ತಿಲ್ಲ. ಯೂನಿಫಾರ್ಮ್ ಹಾಕಿದ ಕೂಡಲೇ ಹೊಟ್ಟೆನೋವು, ಕೈ ನಡುಕ, ಎದೆ ಡವಡವ. ಭಾನುವಾರ ಏನೂ ಇರಲ್ಲ. ಹಾಗಂತ ಅವಳು ನಾಟಕ ಮಾಡುತ್ತಿಲ್ಲ. ಆ ನೋವು ನಿಜ. ಭಯ ಮೈಯಲ್ಲಿ ಹಾಗೆ ಕಾಣಿಸಿಕೊಳ್ಳುತ್ತದೆ.

ಮೊದಲು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆವು. ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡರು, ದುಡ್ಡೂ ಇಲ್ಲ. ಆಮೇಲೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಸದ್ಯಕ್ಕೆ ಮಾತ್ರೆ ಬೇಡ, ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಶುರು ಮಾಡಿ, ಅಪ್ಪ ಅಮ್ಮನೂ ಜೊತೆಗೆ ಕೂರಬೇಕು ಅಂದರು. ಭಯವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಎದುರಿಸುವುದನ್ನು ಕಲಿಸುತ್ತಾರಂತೆ. ಮೊದಲು ಶಾಲೆಯ ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್, ಹೀಗೆ. ಪೂರ್ತಿ ಮನೆಯಲ್ಲೇ ಇಟ್ಟುಕೊಂಡರೆ ಭಯ ಇನ್ನೂ ಜಾಸ್ತಿ ಆಗುತ್ತದಂತೆ. ನನಗೂ ಸರಿ ಅನಿಸಿತು. ಆದರೆ ಪ್ರತಿ ವಾರ ಧಾರವಾಡಕ್ಕೆ ಹೋಗಿಬರುವುದು ಕಷ್ಟ, ಇವರಿಗೆ ರಜೆ ಸಿಗಲ್ಲ.

ದಾವಣಗೆರೆ, ಹಾವೇರಿ ಕಡೆ ಹದಿಹರೆಯದ ಮಕ್ಕಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಾದರೂ ಗೊತ್ತಾ? ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಲೇಬೇಕು. ವಿಡಿಯೋ ಕಾಲ್ ಆದರೂ ಪರವಾಗಿಲ್ಲ, ಆದರೆ ಕನ್ನಡ ಬರಬೇಕು. ಇಂಗ್ಲಿಷಿನಲ್ಲಿ ಅವಳು ಮನಸ್ಸು ಬಿಚ್ಚಲ್ಲ. ಫೀಸ್ ಎಷ್ಟು ಅಂತಲೂ ಹೇಳಿ.

ಇನ್ನೊಂದು ವಿಷಯ. ನಮ್ಮ ಅತ್ತೆ ದೃಷ್ಟಿ ತಾಗಿದೆ ಅಂತಾರೆ, ಇಲ್ಲಾಂದ್ರೆ ಎರಡೇಟು ಹಾಕಿ ಕಳಿಸು ಅಂತಾರೆ. ಮೊಮ್ಮಗಳು ಅಂದರೆ ಅವರಿಗೂ ಪ್ರಾಣವೇ. ಮನೆಯ ಹಿರಿಯರನ್ನೂ ಥೆರಪಿಗೆ ಕರೆದುಕೊಂಡು ಹೋದವರಿದ್ದರೆ, ಹೇಗೆ ಒಪ್ಪಿಸಿದಿರಿ ಅಂತ ದಯವಿಟ್ಟು ತಿಳಿಸಿ. ಇನ್‌ಬಾಕ್ಸಿಗೆ ಬರೆದರೂ ಆಯಿತು.